‘ಬೇಡ’ ಅಂದರೆ ಬೇಡ, ಅಷ್ಟೇ!

ಪಬ್ ಅಂದ ಕೂಡಲೇ ನಮ್ಮ ಎಷ್ಟೋ ಮನೆಗಳಲ್ಲಿ ಮಾತು ಅಲ್ಲಿಗೇ ನಿಂತುಬಿಡುತ್ತದೆ. ‘ಅಲ್ಲಿಗ್ಯಾಕೆ ಹೋಗಬೇಕು?’ ಅನ್ನೋದೇ ಮೊದಲ ಪ್ರಶ್ನೆ, ಅದೇ ಕೊನೆಯ ಪ್ರಶ್ನೆ ಕೂಡ. ಆದರೆ ಬೆಂಗಳೂರಿನ ಚರ್ಚ್ ಸ್ಟ್ರೀಟ್, ಇಂದಿರಾನಗರದ ನೂರಡಿ ರಸ್ತೆ, ಕೋರಮಂಗಲದ ಕಡೆ ಒಂದು ಶನಿವಾರ ಸಂಜೆ ಹೋಗಿ ನೋಡಿ. ಆಫೀಸಿನ ಪಾರ್ಟಿ, ಗೆಳತಿಯ ಹುಟ್ಟುಹಬ್ಬ, ಹಳೇ ಕ್ಲಾಸ್‌ಮೇಟ್‌ಗಳ ಭೇಟಿ ಎಂದು ನಾನಾ ಕಾರಣಕ್ಕೆ ಬಂದ ಹೆಣ್ಣುಮಕ್ಕಳು ಅಲ್ಲಿರುತ್ತಾರೆ. ಕುಡಿಯುವವರೂ ಇರುತ್ತಾರೆ, ನಿಂಬೆ ಸೋಡಾ ಹಿಡಿದು ಕೂತವರೂ ಇರುತ್ತಾರೆ. ಅವರಲ್ಲಿ ನಮ್ಮ ನಿಮ್ಮ ಮನೆಯ ಹುಡುಗಿಯರೂ ಇದ್ದಾರೆ. ಕುಡಿತ ಒಳ್ಳೆಯದೋ ಕೆಟ್ಟದ್ದೋ ಅನ್ನೋ ಚರ್ಚೆಯನ್ನು ಇನ್ನೊಂದು ದಿನ ಇಟ್ಟುಕೊಳ್ಳೋಣ. ಇವತ್ತಿನ ಮಾತು ಬೇರೆ. ಅಲ್ಲಿ ಅವರ ಮೈಮುಟ್ಟುವ, ಬೆನ್ನು ಬೀಳುವ, ‘ಬೇಡ’ ಅಂದರೂ ಕೇಳದ ಗಂಡಸನ್ನು ಏನು ಮಾಡಬೇಕು?

ಶುರುವಾಗೋದು ಸಣ್ಣದರಿಂದ

ಇಂಥ ಕಡೆ ತೊಂದರೆ ಕೊಡುವವರಿಗೆ ನೆಪಗಳಿಗೆ ಬರವೇ ಇಲ್ಲ. ಸಂಗೀತದ ಅಬ್ಬರ ಜೋರಾಗಿದೆ ಅಂತ ಕಿವಿಗೇ ಬಾಯಿ ತರುತ್ತಾರೆ. ಜಾಗ ಇಕ್ಕಟ್ಟು ಅಂತ ಸೊಂಟಕ್ಕೆ ಕೈಯಿಟ್ಟು ದಾಟಿಕೊಂಡು ಹೋಗುತ್ತಾರೆ. ಕೇಳದಿದ್ದರೂ ಟೇಬಲ್ಲಿಗೆ ಡ್ರಿಂಕ್ ಕಳಿಸಿ, ಆಮೇಲೆ ‘ಒಂದ್ ಥ್ಯಾಂಕ್ಸ್ ಕೂಡಾ ಇಲ್ವಾ?’ ಅಂತ ಪಕ್ಕದಲ್ಲೇ ಬಂದು ಕೂರುತ್ತಾರೆ. ನಂಬರ್ ಕೊಡಲ್ಲ ಅಂದರೆ ಇನ್‌ಸ್ಟಾಗ್ರಾಂ ಐಡಿ ಕೇಳುತ್ತಾರೆ. ಕುಣಿಯುವಾಗ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳುತ್ತಾರೆ.

ಹುಡುಗಿಯರು ಇದಕ್ಕೆಲ್ಲ ಸಾಮಾನ್ಯವಾಗಿ ಏನು ಮಾಡುತ್ತಾರೆ? ನಗುತ್ತಾರೆ. ಆ ನಗು ಒಪ್ಪಿಗೆ ಅಲ್ಲ, ಜಗಳ ಆಗದಿರಲಿ ಅನ್ನೋ ಉಪಾಯ. ಬಸ್ಸಿನಲ್ಲಿ ಮೈಗೆ ಮೈ ತಾಗಿಸಿ ನಿಲ್ಲುವವನಿಂದ ತಪ್ಪಿಸಿಕೊಳ್ಳಲು ಸುಮ್ಮನೆ ಜಾಗ ಬದಲಿಸುತ್ತೇವಲ್ಲ, ಹಾಗೇ. ಇನ್ನು ಕೆಲವರು ‘ನನ್ನ ಬಾಯ್‌ಫ್ರೆಂಡ್ ಈಗ ಬರ್ತಾನೆ’ ಅಂತ ಸುಳ್ಳು ಹೇಳಿ ಪಾರಾಗುತ್ತಾರೆ. ಯೋಚನೆ ಮಾಡಿ ನೋಡಿ, ಅವಳ ಸ್ವಂತ ‘ಬೇಡ’ಕ್ಕೆ ಇಲ್ಲದ ಬೆಲೆ, ಇಲ್ಲದ ಗಂಡಸಿನ ಹೆಸರಿಗೆ ಇದೆ!

‘ಬಂದವಳು ಹೀಗೇ’ ಅನ್ನೋ ಲೆಕ್ಕ

2009ರ ಜನವರಿ 24ರಂದು ಮಂಗಳೂರಿನ ಪಬ್ಬೊಂದಕ್ಕೆ ಗುಂಪೊಂದು ಸಂಸ್ಕೃತಿ ಕಾಪಾಡುವ ಹೆಸರಿನಲ್ಲಿ ನುಗ್ಗಿ ಹುಡುಗಿಯರನ್ನು ಎಳೆದಾಡಿ ಹೊಡೆದದ್ದನ್ನು ಇಡೀ ದೇಶ ಟೀವಿಯಲ್ಲಿ ನೋಡಿತು. ಆ ಪ್ರಕರಣದ ಆರೋಪಿಗಳು 2018ರಲ್ಲಿ ಸಾಕ್ಷ್ಯ ಸಾಲದೆ ಖುಲಾಸೆಯಾದರು. 2016ರ ಡಿಸೆಂಬರ್ 31ರ ರಾತ್ರಿ ಬೆಂಗಳೂರಿನ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಗಳಲ್ಲಿ ಹೊಸ ವರ್ಷ ಆಚರಿಸಲು ಬಂದ ಹೆಣ್ಣುಮಕ್ಕಳ ಮೈಮೇಲೆ ಗುಂಪಿನಲ್ಲಿದ್ದವರು ಕೈ ಹಾಕಿದರೆಂದು ವರದಿಯಾಯಿತು. ಆಗಿನ ಗೃಹ ಸಚಿವರು ಪಾಶ್ಚಾತ್ಯ ಉಡುಗೆಯ ಕಡೆ ಬೊಟ್ಟು ಮಾಡಿ ಟೀಕೆಗೆ ಗುರಿಯಾದರು.

ಹೊಡೆಯಲು ಬಂದವರೂ ಮುಟ್ಟಲು ಬಂದವರೂ ಬೇರೆ ಬೇರೆ ಅನ್ನಿಸುತ್ತದೆ ಅಲ್ವಾ? ಲೆಕ್ಕ ಮಾತ್ರ ಒಂದೇ. ಇಲ್ಲಿಗೆ ಬಂದಿದ್ದಾಳೆ ಅಂದಮೇಲೆ ಇವಳ ಮೈಗೆ ಮರ್ಯಾದೆ ಬೇಕಿಲ್ಲ! ಒಬ್ಬ ಅದನ್ನು ಶಿಕ್ಷೆ ಅಂತಾನೆ, ಇನ್ನೊಬ್ಬ ಮಜಾ ಅಂತಾನೆ.

ಕೆಲವು ಪಬ್ಬುಗಳ ‘ಲೇಡೀಸ್ ನೈಟ್’ ಕೂಡ ಈ ಲೆಕ್ಕಕ್ಕೆ ನೀರೆರೆಯುತ್ತದೆ. ಅವತ್ತು ಹೆಂಗಸರಿಗೆ ಪ್ರವೇಶ ಪುಕ್ಕಟೆ, ಒಂದೆರಡು ಡ್ರಿಂಕ್ ಪುಕ್ಕಟೆ. ಹುಡುಗಿಯರು ಬಂದರೆ ದುಡ್ಡು ಕೊಡುವ ಗಂಡಸರೂ ಬರುತ್ತಾರೆ ಅನ್ನೋದು ವ್ಯಾಪಾರ. ಇರಲಿ, ವ್ಯಾಪಾರ ಅವರದ್ದು. ಆದರೆ ಪುಕ್ಕಟೆ ಗ್ಲಾಸಿನ ಜೊತೆ ಹುಡುಗಿಯ ಒಪ್ಪಿಗೆಯೂ ಸೇರಿ ಬರುವುದಿಲ್ಲ ಅನ್ನೋದು ಒಳಗೆ ಬರುವ ಪ್ರತಿಯೊಬ್ಬ ಗಂಡಸಿಗೂ ಗೊತ್ತಿರಬೇಕು.

ಕಾನೂನು ಏನನ್ನುತ್ತೆ?

2024ರ ಜುಲೈ 1ರಿಂದ ಹಳೆಯ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ ಕೆಲವು ಕಲಂಗಳನ್ನು ನಾವು ಹೆಂಗಸರು ಅಡುಗೆಯ ಅಳತೆಯಷ್ಟೇ ಸಲೀಸಾಗಿ ನೆನಪಿಟ್ಟುಕೊಳ್ಳಬೇಕು.

* ಇಷ್ಟವಿಲ್ಲದಿದ್ದರೂ ಲೈಂಗಿಕ ಉದ್ದೇಶದಿಂದ ಮೈ ಮುಟ್ಟುವುದು ಲೈಂಗಿಕ ಕಿರುಕುಳ (ಕಲಂ 75). ಮೂರು ವರ್ಷದವರೆಗೆ ಶಿಕ್ಷೆ ಇದೆ. ಅಶ್ಲೀಲ ಮಾತಿಗೂ ಒಂದು ವರ್ಷದವರೆಗೆ ಶಿಕ್ಷೆ ಆಗಬಹುದು.

* ಮಾನಕ್ಕೆ ಕುಂದು ತರುವ ಉದ್ದೇಶದಿಂದ ಹಲ್ಲೆ ಮಾಡಿದರೆ, ಬಲಪ್ರಯೋಗ ಮಾಡಿದರೆ ಕಲಂ 74. ಒಂದರಿಂದ ಐದು ವರ್ಷ.

* ಆಸಕ್ತಿ ಇಲ್ಲ ಎಂದು ಸ್ಪಷ್ಟವಾಗಿ ಹೇಳಿದ ಮೇಲೂ ಮತ್ತೆ ಮತ್ತೆ ಹಿಂಬಾಲಿಸಿದರೆ ಕಲಂ 78. ಮೊದಲ ಸಲ ಮೂರು ವರ್ಷದವರೆಗೆ.

* ಮಾತು, ಸನ್ನೆಗಳಿಂದ ಮಾನ ಕಳೆದರೆ ಕಲಂ 79.

ಇನ್ನು ‘ಸಮ್ಮತಿ’ ಅಂದರೇನು? ಅತ್ಯಾಚಾರದ ಬಗೆಗಿನ ಕಲಂ 63 ಇದನ್ನು ಬಿಡಿಸಿ ಹೇಳುತ್ತದೆ. ಅನುಮಾನಕ್ಕೆ ಎಡೆಯಿಲ್ಲದಂತೆ, ಸ್ವಇಚ್ಛೆಯಿಂದ, ಆ ಒಂದು ಕ್ರಿಯೆಗೆಂದೇ ಕೊಟ್ಟ ಒಪ್ಪಿಗೆಯೇ ಸಮ್ಮತಿ. ಅವಳು ತಿರುಗಿ ಹೊಡೆಯಲಿಲ್ಲ, ಕೂಗಲಿಲ್ಲ ಅಂದ ಮಾತ್ರಕ್ಕೆ ಒಪ್ಪಿದಳು ಎಂದಲ್ಲ. ಕುಣಿಯಲು ಒಪ್ಪಿದವಳು ಮುತ್ತಿಗೆ ಒಪ್ಪಿದ್ದಾಳೆ ಎಂದಲ್ಲ. ಕಾರಿನಲ್ಲಿ ಡ್ರಾಪ್ ತೆಗೆದುಕೊಂಡವಳು ಮನೆಯೊಳಗೆ ಕರೆದಿದ್ದಾಳೆ ಎಂದೂ ಅಲ್ಲ.

ಅಮಲಿನ ವಿಷಯದಲ್ಲಂತೂ ನಮ್ಮ ಸಮಾಜದ ತಕ್ಕಡಿಯೇ ತಲೆಕೆಳಗು. ‘ಅವನು ಕುಡಿದಿದ್ದ, ಗೊತ್ತಾಗಲಿಲ್ಲ ಪಾಪ’ ಅಂತ ಗಂಡಿಗೆ ರಿಯಾಯಿತಿ. ‘ಅವಳೂ ಕುಡಿದಿದ್ದಳಂತೆ’ ಅಂತ ಹೆಣ್ಣಿಗೆ ಆರೋಪ! ಕಾನೂನು ಇದಕ್ಕೆ ತದ್ವಿರುದ್ಧ. ಅಮಲಿನಲ್ಲಿ ತಾನು ಯಾವುದಕ್ಕೆ ಒಪ್ಪುತ್ತಿದ್ದೇನೆ, ಅದರ ಪರಿಣಾಮ ಏನು ಎಂದು ತಿಳಿಯದ ಸ್ಥಿತಿಯಲ್ಲಿರುವ ಹೆಣ್ಣಿನ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ತಾನಾಗಿ ಕುಡಿದ ಗಂಡಸಿಗೆ ಮಾತ್ರ ಅಮಲಿನ ನೆಪ ರಕ್ಷಣೆ ಕೊಡುವುದಿಲ್ಲ.

ಪಬ್ಬಿನವರ ಜವಾಬ್ದಾರಿ

‘ನಾವು ಬರೀ ಡ್ರಿಂಕ್ ಕೊಡೋರು, ಅದೆಲ್ಲ ನಮಗೆ ಗೊತ್ತಿಲ್ಲ’ ಅಂತ ಮ್ಯಾನೇಜರ್ ಕೈತೊಳೆದುಕೊಂಡರೆ ಹೇಗೆ? ಇಂಗ್ಲೆಂಡಿನ ಲಿಂಕನ್‌ಶೈರ್‌ನಲ್ಲಿ 2016ರಲ್ಲಿ ಒಂದು ಪದ್ಧತಿ ಶುರುವಾಯಿತು. ತೊಂದರೆಯಲ್ಲಿರುವವರು ಕೌಂಟರಿಗೆ ಹೋಗಿ ‘ಏಂಜೆಲಾ ಇದ್ದಾರಾ?’ ಅಂತ ಕೇಳಿದರೆ ಸಾಕು, ಸಿಬ್ಬಂದಿಗೆ ಅರ್ಥವಾಗುತ್ತದೆ. ಗದ್ದಲವಿಲ್ಲದೆ ಟ್ಯಾಕ್ಸಿ ಕರೆಸುತ್ತಾರೆ ಅಥವಾ ಬೇರೆ ಕಡೆ ಕೂರಿಸುತ್ತಾರೆ. ಸ್ಪೇನಿನ ಬಾರ್ಸಿಲೋನಾ ನಗರಾಡಳಿತ 2018ರಲ್ಲಿ ‘ನಾವು ಸುಮ್ಮನಿರೋದಿಲ್ಲ’ ಎಂಬರ್ಥದ ಹೆಸರಿನಲ್ಲಿ ನೈಟ್‌ಕ್ಲಬ್‌ಗಳಿಗೆ ನಿಯಮಾವಳಿಯನ್ನೇ ಮಾಡಿತು. ಸಿಬ್ಬಂದಿಗೆ ತರಬೇತಿ ಕೊಡಬೇಕು, ತಪ್ಪು ಮಾಡಿದವನನ್ನು ಹಿಡಿಯುವ ಗಡಿಬಿಡಿಯಲ್ಲಿ ನೊಂದವಳನ್ನು ಒಂಟಿಯಾಗಿ ಬಿಡಬಾರದು ಅನ್ನೋದು ಅದರ ತಿರುಳು. ಇದಕ್ಕೆ ಕೋಟಿಗಟ್ಟಲೆ ಖರ್ಚಿಲ್ಲ. ನಮ್ಮ ಪಬ್ಬುಗಳೂ ಮನಸ್ಸು ಮಾಡಿದರೆ ನಾಳೆಯೇ ಶುರು ಮಾಡಬಹುದು.

ಅಲ್ಲಿ ದುಡಿಯುವ ಹೆಣ್ಣುಮಕ್ಕಳನ್ನೂ ಮರೆಯಬೇಡಿ. ಮದ್ಯ ಮಾರುವ ಕಡೆ ಮಹಿಳೆಯರು ಕೆಲಸ ಮಾಡಬಾರದು ಎಂಬ ಪಂಜಾಬ್ ಅಬಕಾರಿ ಕಾಯ್ದೆಯ ಕಲಮನ್ನು ಸುಪ್ರೀಂ ಕೋರ್ಟ್ 2007ರಲ್ಲಿ ರದ್ದುಪಡಿಸಿತು. ಹೆಣ್ಣಿನ ರಕ್ಷಣೆಯ ಹೆಸರಿನಲ್ಲಿ ಅವಳ ಕೆಲಸ ಕಿತ್ತುಕೊಳ್ಳುವಂತಿಲ್ಲ, ಸುರಕ್ಷಿತ ವಾತಾವರಣ ಕೊಡಬೇಕು ಎಂಬುದು ಅದರ ಸಾರ. 2013ರ ಕಾಯ್ದೆ ಪ್ರಕಾರ ಕೆಲಸದ ಜಾಗಕ್ಕೆ ಬರುವ ಗಿರಾಕಿಗಳಿಂದಲೂ ನೌಕರಳನ್ನು ಕಾಪಾಡುವುದು ಮಾಲೀಕನ ಕರ್ತವ್ಯ. ಆಫೀಸಿನವರೇ ಏರ್ಪಡಿಸಿದ ಪಾರ್ಟಿಯಲ್ಲಿ ಬಾಸ್ ಅಥವಾ ಸಹೋದ್ಯೋಗಿ ಕಾಟ ಕೊಟ್ಟರೆ, ಅದು ಪಬ್ಬಿನಲ್ಲಿ ನಡೆದಿದ್ದರೂ ಆಫೀಸಿನ ಆಂತರಿಕ ಸಮಿತಿಗೆ ಮೂರು ತಿಂಗಳೊಳಗೆ ದೂರು ಕೊಡಬಹುದು.

ಇವು ನೆನಪಿರಲಿ

* ಮೊದಲ ‘ಬೇಡ’ವನ್ನು ನಗದೆ, ಕ್ಷಮೆ ಕೇಳದೆ, ಗಟ್ಟಿಯಾಗಿ ಹೇಳಿ. ಎರಡನೇ ಸಲ ಅವನಿಗಲ್ಲ, ಸಿಬ್ಬಂದಿಗೆ ಹೇಳಿ.

* ಜೊತೆಗೆ ಹೋದವರು ಜೊತೆಗೇ ಹೊರಡಿ. ಪಬ್ ಮುಚ್ಚುವ ಒಂದು ಗಂಟೆ ಹೊತ್ತಿಗೆ ಮೆಟ್ರೊ ಇರುವುದಿಲ್ಲ. ಕ್ಯಾಬ್ ಬರುವವರೆಗೂ ಒಳಗೇ ಇರಿ, ವಾಹನದ ನಂಬರನ್ನು ಮನೆಯವರಿಗೆ ಕಳಿಸಿ.

* ಗ್ಲಾಸ್ ಬಿಟ್ಟು ಎದ್ದು ಹೋಗಿದ್ದರೆ ಅದನ್ನು ಮತ್ತೆ ಮುಟ್ಟಬೇಡಿ. ಕುಡಿದದ್ದಕ್ಕಿಂತ ಹೆಚ್ಚು ತಲೆ ತಿರುಗಿದರೆ ತಕ್ಷಣ ಗೆಳತಿಗೆ ಹೇಳಿ. ಏನೋ ಬೆರೆಸಿದ್ದಾರೆ ಎಂಬ ಅನುಮಾನ ಇದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ, ರಕ್ತ-ಮೂತ್ರ ಪರೀಕ್ಷೆ ಮಾಡಿಸಿ. ಕೆಲವು ಮದ್ದುಗಳ ಗುರುತು ಕೆಲವೇ ಗಂಟೆಗಳಲ್ಲಿ ಮಾಯವಾಗುತ್ತದೆ.

* ಅಪಾಯ ಅನ್ನಿಸಿದರೆ 112ಕ್ಕೆ ಕರೆ ಮಾಡಿ. ಮಹಿಳಾ ಸಹಾಯವಾಣಿ 181.

* ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು, ‘ನಮ್ಮ ಸರಹದ್ದಲ್ಲ’ ಅನ್ನುವಂತಿಲ್ಲ. ಇದೇ ಝೀರೋ ಎಫ್‌ಐಆರ್. ಇಂಥ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು, ಪ್ರತಿಯನ್ನು ಪುಕ್ಕಟೆ ಕೊಡಬೇಕು.

* ಸಿಸಿಟಿವಿ ದೃಶ್ಯ ಕೆಲ ದಿನಗಳಲ್ಲಿ ಅಳಿಸಿಹೋಗಬಹುದು. ಅದನ್ನು ಉಳಿಸಿಡಿ ಎಂದು ಪಬ್ಬಿನವರಿಗೆ ಅವತ್ತೇ ಬರವಣಿಗೆಯಲ್ಲಿ ತಿಳಿಸಿ.

ಒಂದು ಮಾತು. ಇವೆಲ್ಲ ಎಚ್ಚರಿಕೆಗಳು, ಷರತ್ತುಗಳಲ್ಲ. ಇದರಲ್ಲಿ ಒಂದನ್ನು ಮರೆತಳೆಂದು ತಪ್ಪು ಅವಳದಾಗುವುದಿಲ್ಲ. ಬಾಗಿಲಿಗೆ ಬೀಗ ಹಾಕಲು ಮರೆತ ಮನೆಯಲ್ಲಿ ಕದ್ದವನೂ ಕಳ್ಳನೇ ತಾನೇ?

ಅಮ್ಮಂದಿರೇ, ಸ್ವಲ್ಪ ಕೇಳಿ

ಹುಡುಗಿಯರು ದೂರು ಕೊಡದೆ ಸುಮ್ಮನಾಗಲು ಪೊಲೀಸರ ಭಯವೊಂದೇ ಕಾರಣವಲ್ಲ. ‘ಮನೆಯಲ್ಲಿ ಗೊತ್ತಾದರೆ?’ ಅನ್ನೋ ಭಯ ಅದಕ್ಕಿಂತ ದೊಡ್ಡದು. ಕಾಟ ಕೊಡುವವನಿಗೂ ಇದು ಚೆನ್ನಾಗಿ ಗೊತ್ತು. ‘ನಿಮ್ಮಪ್ಪನಿಗೆ ಹೇಳ್ತೀನಿ, ಫೋಟೊ ಕಳಿಸ್ತೀನಿ’ ಅಂತ ಅವನು ಹೆದರಿಸುವುದು ನಮ್ಮ ಬೈಗುಳವನ್ನು ನಂಬಿಕೊಂಡೇ. ಆ ಆಯುಧವನ್ನು ಅವನ ಕೈಗೆ ಕೊಡಬೇಡಿ. ಮಗಳಿಗೆ ಇವತ್ತೇ ಹೇಳಿಡಿ: ‘ಎಷ್ಟು ಹೊತ್ತಾದರೂ, ಎಲ್ಲೇ ಇದ್ದರೂ ಫೋನ್ ಮಾಡು. ಎಲ್ಲಿದ್ದೀಯ ಅಂತ ಮಾತ್ರ ಕೇಳ್ತೀನಿ, ಯಾಕೆ ಹೋದೆ ಅಂತ ಅವತ್ತು ಕೇಳಲ್ಲ.’ ಭಿನ್ನಾಭಿಪ್ರಾಯ ಇದ್ದರೆ ಬೆಳಿಗ್ಗೆ ಕಾಫಿ ಕುಡಿಯುತ್ತಾ ಮಾತಾಡಬಹುದಲ್ಲ?

ಇನ್ನು ಗಂಡುಮಕ್ಕಳು. ಮಗಳಿಗೆ ಹತ್ತು ಬುದ್ಧಿಮಾತು ಹೇಳುವ ನಾವು ಮಗನಿಗೆ ‘ಗಾಡಿ ಹುಷಾರು’ ಅಂತಷ್ಟೇ ಹೇಳಿ ಕಳಿಸುತ್ತೇವೆ. ಅವನಿಗೂ ಹೇಳಬೇಕಾದದ್ದು ಬಹಳ ಇದೆ. ಕೇಳದೆ ಮುಟ್ಟಬೇಡ. ‘ಬೇಡ’ ಅಂದರೆ ಕಾರಣ ಕೇಳದೆ ದೂರ ಸರಿ. ಅವಳು ಸುಮ್ಮನಿದ್ದರೆ ಅದೂ ‘ಬೇಡ’ವೇ ಅಂತ ತಿಳಿ. ನಡೆಯಲಾರದಷ್ಟು ಕುಡಿದವಳನ್ನು ಅವಳ ಗೆಳತಿಯರ ಹತ್ತಿರ ಸೇರಿಸು. ನಿನ್ನ ಸ್ನೇಹಿತನೇ ಮಿತಿ ಮೀರಿದರೆ ಅವನ ಕೈ ಹಿಡಿದು ಎಳೆದುಕೊಂಡು ಬಾ. ಇಷ್ಟು ಕಲಿಸಿ ಕಳಿಸಿದರೆ ಇನ್ನೊಬ್ಬ ತಾಯಿಯ ಮಗಳು ಆ ರಾತ್ರಿ ಹೆದರದೆ ಮನೆ ಸೇರುತ್ತಾಳೆ.