ನಾಲಿಗೆಗೆ ಸುಳಿವು ಕೊಡದೆ

ಬಿಪಿ ಇದೆ ಎಂದು ಡಾಕ್ಟರು ಹೇಳಿದ ದಿನವೇ ಮನೆಯಲ್ಲಿ ತೀರ್ಮಾನವಾಗುತ್ತದೆ: ನಾಳೆಯಿಂದ ಉಪ್ಪು ಬಂದ್. ಮಾರನೇ ದಿನ ಸಪ್ಪೆ ಸಾರು, ಸಪ್ಪೆ ಪಲ್ಯ. ಮೂರು ದಿನ ಹೇಗೋ ಗಂಟಲಲ್ಲಿ ಇಳಿಯುತ್ತದೆ. ನಾಲ್ಕನೇ ದಿನ ಯಾರೂ ನೋಡದಾಗ ಉಪ್ಪಿನಕಾಯಿ ಜಾಡಿಯ ಮುಚ್ಚಳ ತೆರೆಯುತ್ತದೆ. ವಾರ ಕಳೆಯುವಷ್ಟರಲ್ಲಿ ಸಾರಿನ ರುಚಿ ಮೊದಲಿನಂತೆಯೇ. ಮನಸ್ಸು ಗಟ್ಟಿಯಿಲ್ಲ ಎಂದು ಬಯ್ದುಕೊಳ್ಳುತ್ತೇವೆ. ನಿಜವಾಗಿ ಎಡವಿದ್ದು ಅವಸರದಲ್ಲಿ.

ಉಪ್ಪಿಗೂ ಬಿಪಿಗೂ ಇರುವ ನಂಟು ನೀರಿನದು. ಉಪ್ಪಿನಲ್ಲಿರುವ ಸೋಡಿಯಂ ನೀರನ್ನು ಹಿಡಿದಿಡುತ್ತದೆ. ಮೂತ್ರಪಿಂಡ ಅದನ್ನು ಹೊರಹಾಕಲು ಹೆಣಗುವಷ್ಟು ಉಪ್ಪು ತಿಂದರೆ ರಕ್ತನಾಳಗಳಲ್ಲಿ ಹರಿಯುವ ದ್ರವ ಹೆಚ್ಚುತ್ತದೆ, ನಾಳದ ಗೋಡೆಯ ಮೇಲೆ ಒತ್ತಡ ಏರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂ, ಅಂದರೆ ತಲೆತಟ್ಟಿದ ಒಂದು ಟೀ ಚಮಚ. ಜಗತ್ತಿನ ಸರಾಸರಿ ಸೇವನೆ ಇದರ ಎರಡರಷ್ಟು.

ಇಷ್ಟನ್ನು ಇಳಿಸುವುದಕ್ಕೆ ನಾಲಿಗೆ ಒಪ್ಪೀತೇ? 1982ರಲ್ಲಿ ಅಮೆರಿಕದ ವಿಜ್ಞಾನಿಗಳು ಕೆಲವು ಯುವಕ ಯುವತಿಯರನ್ನು ಐದು ತಿಂಗಳು ಕಡಿಮೆ ಉಪ್ಪಿನ ಊಟದಲ್ಲಿಟ್ಟು ನೋಡಿದರು. ಕೊನೆಯಲ್ಲಿ ಅವರಿಗೆ ರುಚಿಯೆನಿಸಿದ್ದು ಕಡಿಮೆ ಉಪ್ಪಿನ ಸೂಪೇ. ಹದ ಎನ್ನುವುದು ಹುಟ್ಟಿನಿಂದ ಬಂದದ್ದಲ್ಲ, ರೂಢಿಯಿಂದ ಬಂದದ್ದು.

2003ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಪ್ರಯೋಗ ಇನ್ನೂ ಸೊಗಸಾಗಿದೆ. ಬ್ರೆಡ್ಡಿನಲ್ಲಿರುವ ಉಪ್ಪನ್ನು ವಾರಕ್ಕೆ ನೂರರಲ್ಲಿ ಐದು ಪಾಲಿನಂತೆ ಇಳಿಸುತ್ತ ಹೋದರು. ಆರು ವಾರದಲ್ಲಿ ಕಾಲುಭಾಗ ಉಪ್ಪು ಮಾಯವಾಗಿತ್ತು, ತಿಂದವರಿಗೆ ಸುಳಿವೇ ಹತ್ತಲಿಲ್ಲ. ಬ್ರಿಟನ್ ಇದೇ ಉಪಾಯವನ್ನು ದೇಶಕ್ಕೇ ಹಚ್ಚಿತು. ಆಹಾರ ಕಂಪನಿಗಳು ವರ್ಷದಿಂದ ವರ್ಷಕ್ಕೆ ಸದ್ದಿಲ್ಲದೆ ಉಪ್ಪು ತಗ್ಗಿಸಿದವು. ಒಂದು ದಶಕದಲ್ಲಿ ಅಲ್ಲಿನವರ ಸರಾಸರಿ ಸೇವನೆ ದಿನಕ್ಕೆ 9.5 ಗ್ರಾಂನಿಂದ 8.1 ಗ್ರಾಂಗೆ ಇಳಿಯಿತು.

ಅಲ್ಲಿ ಉಪ್ಪು ಬರುವುದು ಹೆಚ್ಚಾಗಿ ಕಾರ್ಖಾನೆಯಿಂದ. ನಮ್ಮಲ್ಲಿ ಅದರ ಬಹುಪಾಲು ಬೀಳುವುದು ಒಲೆಯ ಮುಂದೆ, ಕೈಯಳತೆಯಲ್ಲಿ. ಹಾಗಾಗಿ ಇಳಿಸುವ ಅಧಿಕಾರವೂ ನಮ್ಮ ಕೈಯಲ್ಲೇ ಇದೆ. ಮೊದಲ ವಾರ ಏನನ್ನೂ ಕಡಿಮೆ ಮಾಡಬೇಡಿ. ಅಡುಗೆಗೆ ದಿನಕ್ಕೆ ಎಷ್ಟು ಚಮಚ ಹಿಡಿಯುತ್ತದೆಂದು ಅಳೆಯಿರಿ. ನಾಲ್ವರ ಮನೆಯಲ್ಲಿ ಆರು ಚಮಚ ಎಂದುಕೊಳ್ಳೋಣ. ಎರಡನೇ ವಾರದಿಂದ ಆ ದಿನದ ಉಪ್ಪನ್ನು ಬೆಳಿಗ್ಗೆಯೇ ಬಟ್ಟಲಿಗೆ ಅಳೆದಿಟ್ಟುಕೊಂಡು, ವಾರಕ್ಕೆ ಕಾಲು ಚಮಚದಂತೆ ಇಳಿಸಿ. ಎಂಟು ವಾರಕ್ಕೆ ನಾಲ್ಕು ಚಮಚಕ್ಕೆ ಬಂದಿರುತ್ತೀರಿ. ಆ ಜಾಗವನ್ನು ನಿಂಬೆಹುಳಿ, ಇಂಗು, ಕರಿಬೇವು, ಜೀರಿಗೆ ತುಂಬುತ್ತವೆ. ಮುದ್ದೆಗೆ ಹೇಗೂ ಹೆಚ್ಚಿನವರು ಉಪ್ಪು ಹಾಕುವುದಿಲ್ಲ. ಅನ್ನಕ್ಕೆ, ಚಪಾತಿ ಹಿಟ್ಟಿಗೆ ಏಕೆ ಬೇಕು?

ಉಪ್ಪಿನಕಾಯಿ, ಹಪ್ಪಳ, ಬಾಳಕ ಬಟ್ಟಲಿನ ಲೆಕ್ಕಕ್ಕೆ ಸಿಗದ ಉಪ್ಪು. ದಿನಾ ತಿನ್ನುವವರು ಮೊದಲು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಮ್ಮೆ ಎಂದು ದೂರ ಸರಿಸಲಿ. ಬಿಸ್ಕತ್ತು, ಮಿಕ್ಸ್ಚರ್, ನೂಡಲ್ಸ್ ಪೊಟ್ಟಣದ ಮೇಲೆ ಬರೆದಿರುವ ಸೋಡಿಯಂ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಪ್ರಮಾಣ ಸಿಗುತ್ತದೆ. ಕಲ್ಲುಪ್ಪು, ಸೈಂಧವ ಲವಣ ಬಿಪಿಗೆ ಒಳ್ಳೆಯದೆಂಬ ನಂಬಿಕೆಗೆ ಆಧಾರವಿಲ್ಲ. ಬಣ್ಣ ಯಾವುದಾದರೂ ಅದರೊಳಗಿರುವುದು ಮುಖ್ಯವಾಗಿ ಅದೇ ಸೋಡಿಯಂ ಕ್ಲೋರೈಡ್.

ತಟ್ಟೆಗೆ ಸೇರಿಸುವುದೂ ಕಳೆಯುವಷ್ಟೇ ಮುಖ್ಯ. 1997ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಡ್ಯಾಶ್ ಪ್ರಯೋಗದಲ್ಲಿ 459 ಜನರಿದ್ದರು. ಅವರ ಉಪ್ಪನ್ನೂ ತೂಕವನ್ನೂ ಬದಲಿಸದೆ, ಒಂದು ಗುಂಪಿಗೆ ಹಣ್ಣು, ತರಕಾರಿ, ಕೊಬ್ಬು ಕಡಿಮೆಯಿರುವ ಹಾಲು ಮೊಸರು ಹೆಚ್ಚಿಸಿದ ಊಟ ಕೊಟ್ಟರು. ಆ ಗುಂಪಿನಲ್ಲಿ ರಕ್ತದೊತ್ತಡ ಇದ್ದವರ ಮೇಲಿನ ಅಂಕಿ, ಮಾಮೂಲಿ ಊಟದವರಿಗಿಂತ ಸುಮಾರು 11 ಹೆಚ್ಚು ಇಳಿಯಿತು. ಇದರಲ್ಲಿ ಪೊಟ್ಯಾಸಿಯಂ ಪಾತ್ರವೂ ಇದೆಯೆಂದು ತಿಳಿಯಲಾಗಿದೆ. ಅದು ಸೋಡಿಯಂ ಹೊರಹೋಗಲು ನೆರವಾಗುತ್ತದೆ, ರಕ್ತನಾಳವನ್ನು ಸಡಿಲಗೊಳಿಸುತ್ತದೆ. ನಮ್ಮ ಸೊಪ್ಪಿನ ಸಾರು, ಮೊಳಕೆಕಾಳಿನ ಪಲ್ಯ, ಬಾಳೆಹಣ್ಣು, ಎಳನೀರು ಎಲ್ಲವೂ ಪೊಟ್ಯಾಸಿಯಂ ಮೂಲಗಳೇ. ಇಲ್ಲಿಯೂ ಅವಸರ ಬೇಡ. ಕಾಳು, ತರಕಾರಿ ಒಮ್ಮೆಲೇ ಹೆಚ್ಚಿಸಿದರೆ ನಾರಿನಂಶಕ್ಕೆ ಹೊಂದಿಕೊಳ್ಳದ ಹೊಟ್ಟೆ ಉಬ್ಬರಿಸುತ್ತದೆ. ಈ ವಾರ ಮಧ್ಯಾಹ್ನಕ್ಕೊಂದು ಪಲ್ಯ, ಮುಂದಿನ ವಾರ ರಾತ್ರಿಗೊಂದು ಕೋಸಂಬರಿ, ಸಾಕು.

ಎರಡು ಎಚ್ಚರಿಕೆಗಳಿವೆ. ಮೂತ್ರಪಿಂಡದ ತೊಂದರೆ ಇರುವವರು, ಕೆಲವು ಬಗೆಯ ಬಿಪಿ ಮಾತ್ರೆ ನುಂಗುವವರು ಎಳನೀರು ಹೆಚ್ಚಿಸುವ ಮುನ್ನ, ಪೊಟ್ಯಾಸಿಯಂ ಬೆರೆಸಿದ 'ಲೋ ಸೋಡಿಯಂ' ಉಪ್ಪು ಕೊಳ್ಳುವ ಮುನ್ನ ಡಾಕ್ಟರನ್ನು ಕೇಳಲೇಬೇಕು. ರಕ್ತದಲ್ಲಿ ಪೊಟ್ಯಾಸಿಯಂ ಮಿತಿಮೀರಿದರೆ ಹೃದಯಕ್ಕೆ ಅಪಾಯ. ಎರಡನೆಯದು, ಅಂಕಿ ಇಳಿಯಿತೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಇಳಿದ ಅಂಕಿಯನ್ನು ಬರೆದಿಟ್ಟುಕೊಂಡು ಹೋಗಿ ತೋರಿಸಿ, ಮಾತ್ರೆ ತಗ್ಗಿಸುವ ಕೆಲಸ ಅವರದು.

ಇಂದು ಒಂದು ಸಣ್ಣ ಕೆಲಸ ಮಾಡಿ. ಒಂದು ಕಿಲೋ ಉಪ್ಪಿನ ಪೊಟ್ಟಣ ಒಡೆಯುವಾಗ ಅದರ ಮೇಲೆ ತಾರೀಖು ಬರೆಯಿರಿ. ನಾಲ್ವರ ಮನೆಯಲ್ಲಿ ಅದು ಕನಿಷ್ಠ 50 ದಿನ ಬರಬೇಕು. ಮೂವತ್ತಕ್ಕೇ ಮುಗಿದರೆ, ಮುಂದಿನ ಪೊಟ್ಟಣಕ್ಕೆ ಮೂವತ್ತೈದು ದಿನದ ಗುರಿ ಇಟ್ಟುಕೊಳ್ಳಿ.