ಟ್ರಂಪೆಟ್ಟಿನ ಬೆಲೆ ಎಲ್ಲಿ ಅಡಗಿದೆ?

ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆಯ ಸುತ್ತುಮುತ್ತಲಲ್ಲಿ ಮದುವೆಯ ಮೆರವಣಿಗೆ ಹೊರಟಿತೆಂದರೆ, ದೂರದಲ್ಲಿರುವವರಿಗೆ ಮೊದಲು ಕೇಳಿಬರುವುದು ಬ್ಯಾಂಡ್‌ಸೆಟ್ಟಿನ ಟ್ರಂಪೆಟ್ಟು. ಡೋಲು ಕ್ಲಾರಿಯೋನೆಟ್ಟುಗಳು ಆಮೇಲೆ. ಇಂಥ ಮೇಳದಲ್ಲಿ ನುಡಿಸುವ ತರುಣನೊಬ್ಬನು ಸ್ವಂತ ವಾದ್ಯವನ್ನು ಕೊಳ್ಳಬೇಕೆಂದು ಹೊರಟರೆ ಅವನ ಮುಂದೆ ಮೂರು ದರ್ಜೆಗಳು ನಿಲ್ಲುತ್ತವೆ. ಉತ್ತರಪ್ರದೇಶದ ಮೀರತ್ ನಗರದ ಜಾಲಿ ಕೋಠಿಯಲ್ಲಿ ತಯಾರಾಗುವ ವಾದ್ಯ ಕೆಲವು ಸಾವಿರ ರೂಪಾಯಿಗಳಿಗೆ ದೊರೆಯುತ್ತದೆ. 1885ರಲ್ಲಿ ಆರಂಭವಾದ ನಾದಿರ್ ಅಲಿ ಕಂಪನಿಯಿಂದ ಹೆಸರಾದ ಊರು ಅದು. ಹೊರದೇಶದ ಕಾರ್ಖಾನೆಗಳ ಮಧ್ಯಮ ದರ್ಜೆಯ ವಾದ್ಯಕ್ಕೆ ಲಕ್ಷದ ಆಸುಪಾಸು. ಬಾಕ್ ಸ್ಟ್ರಾಡಿವೇರಿಯಸ್, ಯಮಾಹಾ ಜೀನೋ ಮೊದಲಾದ ವೃತ್ತಿವಾದಕರ ವಾದ್ಯಗಳಿಗೆ ಎರಡು ಮೂರು ಲಕ್ಷ. ಕಣ್ಣಿಗೆ ಮೂರೂ ಒಂದೇ: ಅದೇ ಹಿತ್ತಾಳೆ, ಅದೇ ಉದ್ದ, ಅದೇ ಮೂರು ಗುಂಡಿಗಳು. ಹೆಚ್ಚಿನ ಹಣಕ್ಕೆ ದೊರೆಯುವುದಾದರೂ ಏನು? ಲಗ್ನದ ತಿಂಗಳುಗಳ ಸಂಪಾದನೆಯನ್ನು ನಂಬಿ ಸಾಲ ಮಾಡುವವನಿಗೆ ಇದು ಕಾಲಕ್ಷೇಪದ ಪ್ರಶ್ನೆಯಲ್ಲ. ಭೌತವಿಜ್ಞಾನವು ಇದಕ್ಕೆ ಸಾಕಷ್ಟು ಸ್ಪಷ್ಟವಾದ ಉತ್ತರವನ್ನು ಕೊಡಬಲ್ಲುದು.

ಟ್ರಂಪೆಟ್ಟಿನಲ್ಲಿ ಕಂಪಿಸುವುದು ವಾದಕನ ತುಟಿ. ಯಾವ ಕಂಪನಕ್ಕೆ ಬೆಂಬಲ ಕೊಡಬೇಕೆಂಬುದನ್ನು ಕೊಳವೆಯೊಳಗಿನ ಗಾಳಿಯ ಕಂಬ ನಿರ್ಧರಿಸುತ್ತದೆ. ಬಿಚ್ಚಿ ಅಳೆದರೆ ಈ ಕೊಳವೆ ಸುಮಾರು 148 ಸೆಂಟಿಮೀಟರು ಉದ್ದವಿದೆ. ಒಂದು ತುದಿ ಮುಚ್ಚಿದ ಕೊಳವೆಯಲ್ಲಿ 1, 3, 5 ಹೀಗೆ ಬೆಸಸಂಖ್ಯೆಯ ಸ್ವರಗಳು ಮಾತ್ರ ಹುಟ್ಟುವುವೆಂದು ವಿದ್ಯಾರ್ಥಿಗಳು ಓದಿರುತ್ತಾರೆ. ತುಟಿ ಒತ್ತಿದ ತುದಿ ಮುಚ್ಚಿದ ತುದಿಯೇ ಸರಿ. ಆದರೂ ಟ್ರಂಪೆಟ್ಟು 2, 3, 4, 5, 6 ಎಂಬ ಅನುಕ್ರಮದಲ್ಲಿಯೇ ಮೊಳಗುತ್ತದೆ! ಈ ವಿಚಿತ್ರಕ್ಕೆ ಕಾರಣ ಕೊಳವೆಯ ಆಕಾರ. ಹೂವಿನಂತೆ ಅರಳಿದ ಬಾಯಿಯು ಕೆಳಗಿನ ಸ್ವರಗಳನ್ನು ಮೇಲಕ್ಕೆ ಎತ್ತುತ್ತದೆ. ಮೌತ್‌ಪೀಸಿನ ಬಟ್ಟಲೂ ಅದರ ಮುಂದಿನ ಕಿರಿದಾದ ನಳಿಗೆಯೂ ಮೇಲಿನ ಸ್ವರಗಳನ್ನು ಕೆಳಕ್ಕೆ ಎಳೆಯುತ್ತವೆ. ಹೀಗೆ ಎಳೆದು ಎತ್ತಿ ಹೊಂದಿಸಿದ ಶ್ರೇಣಿಯಾದುದರಿಂದ, ಆಕಾರವು ಎಲ್ಲಿ ತಪ್ಪಿದರೂ ಶ್ರೇಣಿ ಕೆಡುತ್ತದೆ.

ಹೇಗೆ ಕೆಡುತ್ತದೆಂಬುದು ಸ್ವಾರಸ್ಯವಾಗಿದೆ. ಗಾಳಿಯ ಒತ್ತಡದ ಏರಿಳಿತ ಹೆಚ್ಚಾಗಿರುವ ಸ್ಥಳದಲ್ಲಿ ಕೊಳವೆ ಕಿರಿದಾದರೆ ಸ್ವರ ಏರುತ್ತದೆ. ಗಾಳಿಯ ಚಲನೆ ಹೆಚ್ಚಾಗಿರುವ ಸ್ಥಳದಲ್ಲಿ ಕಿರಿದಾದರೆ ಇಳಿಯುತ್ತದೆ. ಒತ್ತಡದ ಮತ್ತು ಚಲನೆಯ ಈ ಸ್ಥಾನಗಳು ಒಂದೊಂದು ಸ್ವರಕ್ಕೆ ಒಂದೊಂದು ಕಡೆ ಬೀಳುತ್ತವೆ. ಆದುದರಿಂದ ಸುಮಾರು 11.7 ಮಿಲಿಮೀಟರು ವ್ಯಾಸದ ಈ ಕೊಳವೆಯ ಕೂಡುಗೆಯಲ್ಲಿ ಬೆಸುಗೆಯ ಗಂಟೊಂದು ಒಳಗೆ ಉಳಿದರೆ, ಅದೇ ಗಂಟು ಒಂದು ಸ್ವರವನ್ನು ಏರಿಸಿ ಇನ್ನೊಂದನ್ನು ಇಳಿಸಬಹುದು. ಶ್ರುತಿಗೊಳಿಸುವ ಜಾರುನಳಿಗೆಯನ್ನು ಎಳೆದರೆ ಎಲ್ಲ ಸ್ವರಗಳೂ ಒಟ್ಟಿಗೆ ಇಳಿಯುವುವೇ ಹೊರತು ಈ ದೋಷ ಹೋಗದು. ವಾದಕನು ಪ್ರತಿಯೊಂದು ಸ್ವರವನ್ನೂ ತುಟಿಯ ಬಲದಿಂದಲೇ ಬಗ್ಗಿಸಬೇಕಾಗುತ್ತದೆ. ಮೂರು ಗಂಟೆಯ ಮೆರವಣಿಗೆಯಲ್ಲಿ ಆ ತುಟಿಯ ಗತಿಯೇನು? ಬೀದಿಯಲ್ಲಿ ನಿಂತ ಕೇಳುಗನಿಗೆ ಇದಾವುದೂ ತಿಳಿಯುವುದಿಲ್ಲ. ಉತ್ತಮ ವಾದ್ಯದ ಬೆಲೆಯಲ್ಲಿ ದೊಡ್ಡ ಪಾಲು ಕಣ್ಣಿಗೆ ಕಾಣದ ಈ ಒಳಮೈಯ ನಯಕ್ಕೆ ಸಲ್ಲುತ್ತದೆ.

ಇನ್ನು ಕವಾಟಗಳ ಲೆಕ್ಕ. ಎರಡನೆಯ ಗುಂಡಿಯನ್ನು ಒತ್ತಿದರೆ ಸ್ವರವು ಒಂದು ಸ್ವರಸ್ಥಾನ ಇಳಿಯಬೇಕು, ಮೊದಲನೆಯದರಿಂದ ಎರಡು, ಮೂರನೆಯದರಿಂದ ಮೂರು. ಒಂದು ಸ್ಥಾನ ಇಳಿಯಲು ಕೊಳವೆಯ ಉದ್ದವನ್ನು 1.0595ರಿಂದ ಗುಣಿಸಬೇಕು. ಈ ಪ್ರಕಾರ ಕೂಡಿಸಬೇಕಾದ ಉದ್ದಗಳು ಕ್ರಮವಾಗಿ 8.8, 18.1 ಮತ್ತು 28 ಸೆಂಟಿಮೀಟರು. ಮೂರನ್ನೂ ಒಟ್ಟಿಗೆ ಒತ್ತಿದರೆ 54.9 ಸೆಂಟಿಮೀಟರು ಸೇರುತ್ತದೆ. ಆದರೆ ಆರು ಸ್ಥಾನ ಇಳಿಯಲು ಬೇಕಾದುದು 61.3! ಗುಣಿಸಬೇಕಾದಲ್ಲಿ ಕೂಡಿಸಿದುದರ ಫಲವಿದು. 6.4 ಸೆಂಟಿಮೀಟರು ಕೊರತೆ ಬಿದ್ದು ಸ್ವರವು ಸುಮಾರು ಅರ್ಧ ಸ್ಥಾನದಷ್ಟು ಏರಿ ಅಪಶ್ರುತಿಯಾಗುತ್ತದೆ. ಒಂದನೆಯದನ್ನೂ ಮೂರನೆಯದನ್ನೂ ಒತ್ತಿದಾಗಲೂ 3.4 ಸೆಂಟಿಮೀಟರು ಕೊರತೆಯುಂಟು. ತಯಾರಕರು ಮೂರನೆಯ ನಳಿಗೆಯನ್ನು ಲೆಕ್ಕಕ್ಕಿಂತ ತುಸು ಉದ್ದ ಮಾಡಿ ಕೊರತೆಯನ್ನು ತಗ್ಗಿಸುವುದುಂಟು, ಪೂರ್ತಿ ನೀಗಿಸಲಾರರು.

ಈ ಕೊರತೆಯು ಲಕ್ಷಗಳ ವಾದ್ಯಕ್ಕೂ ತಪ್ಪಿದ್ದಲ್ಲ, ಏಕೆಂದರೆ ಇದು ಗಣಿತದ್ದು. ಪರಿಹಾರವೆಂದರೆ ಮೂರನೆಯ ಜಾರುನಳಿಗೆಗೆ ಹಾಕಿರುವ ಬೆರಳಿನ ಉಂಗುರ. ನಳಿಗೆಗೆ ಎರಡು ಕಾಲುಗಳಿರುವುದರಿಂದ ಕೊರತೆಯ ಅರ್ಧದಷ್ಟು, ಎಂದರೆ 1.7 ಅಥವಾ 3.2 ಸೆಂಟಿಮೀಟರು, ನುಡಿಸುತ್ತಿರುವಾಗಲೇ ಹೊರಕ್ಕೆ ತಳ್ಳಿದರಾಯಿತು. ತಳ್ಳಲು ಬರಬೇಕಷ್ಟೆ. ನಳಿಗೆ ಬೆರಳಿನ ಸ್ಪರ್ಶಕ್ಕೆ ಜಾರಬೇಕು, ಗಾಳಿಯನ್ನು ಮಾತ್ರ ಬಿಡಬಾರದು. ಅಗ್ಗದ ವಾದ್ಯಗಳಲ್ಲಿ ಅದು ಬಿಗಿದುಕೊಂಡಿರುವುದನ್ನೋ ಕಳಚಿ ಬೀಳುವಷ್ಟು ಸಡಿಲವಾಗಿರುವುದನ್ನೋ ನಾವು ಕಾಣುತ್ತೇವೆ. ಮಧ್ಯಮ ದರ್ಜೆಯ ಒಳ್ಳೆಯ ವಾದ್ಯಗಳಲ್ಲಿ ಈ ಕೆಲಸವು ವೃತ್ತಿವಾದ್ಯಗಳದಕ್ಕೆ ಬಹು ಸಮೀಪಕ್ಕೆ ಬಂದಿದೆ. ಕವಾಟದೊಳಗಿನ ಪಿಸ್ಟನ್ನುಗಳ ಮಾತೂ ಇದೇ. ನಿಕಲ್ ಮತ್ತು ತಾಮ್ರ ಬೆರೆತ ಮೋನೆಲ್ ಎಂಬ ಲೋಹ ಉಸಿರಿನ ತೇವಕ್ಕೆ ಸುಲಭವಾಗಿ ಸವೆಯದು. ಈಗ ಅದು ಕಲಿಯುವವರ ವಾದ್ಯಗಳಲ್ಲಿಯೂ ಬಳಕೆಯಲ್ಲಿದೆ.

ಹಾಗಾದರೆ ಲೋಹದ ಬಣ್ಣ, ಬೆಳ್ಳಿಯ ಲೇಪ, ಸುತ್ತಿಗೆಯಿಂದ ಬಡಿದು ಒಂದೇ ತಗಡಿನಿಂದ ಮಾಡಿದ ಬಾಯಿ? ಮಾರುವವರು ಹೆಚ್ಚು ಹೊಗಳುವುದು ಇವನ್ನೇ. ಸಾಮಾನ್ಯ ಹಿತ್ತಾಳೆಯಲ್ಲಿ ನೂರಕ್ಕೆ 70 ಭಾಗ ತಾಮ್ರ, ಉಳಿದುದು ಸತು. ಕೆಂಪು ಛಾಯೆಯದರಲ್ಲಿ ತಾಮ್ರ 85 ಅಥವಾ ಇನ್ನೂ ಹೆಚ್ಚು. ಇಂಗ್ಲೆಂಡಿನ ರಿಚರ್ಡ್ ಸ್ಮಿತ್ ಅವರು 1980ರ ದಶಕದಲ್ಲಿ ದಪ್ಪ ಮಾತ್ರ ಬೇರೆಯಾದ, ಆಕಾರದಲ್ಲಿ ಒಂದೇ ಆದ ಟ್ರಾಂಬೋನ್ ಬಾಯಿಗಳನ್ನು ಮಾಡಿಸಿ, ಯಾವುದು ಯಾವುದೆಂದು ತಿಳಿಯದಂತೆ ನುರಿತ ವಾದಕರ ಕೈಗೆ ಕೊಟ್ಟರು. ಅವರು ಅವನ್ನು ಬೇರ್ಪಡಿಸಿ ಹೇಳಲಾರದೆ ಹೋದರು. ಗೋಡೆಯ ಕಂಪನದಿಂದ ಏನೂ ಆಗುವುದೇ ಇಲ್ಲವೆಂದು ಇದರಿಂದ ಹೇಳಲಾಗದು. ಆದರೆ ಆಕಾರದ ಮುಂದೆ ಲೋಹದ ಪಾತ್ರ ಅತಿ ಸಣ್ಣದು. ಬೆಳ್ಳಿಯ ಲೇಪಕ್ಕಾಗಿ ಸಾಲ ಮಾಡುವುದು ಬೇಡವೆಂದೇ ನಮ್ಮ ಅಭಿಪ್ರಾಯ. ಆ ಹಣದಲ್ಲಿ ಸ್ವಲ್ಪ ಭಾಗವನ್ನು ಒಳ್ಳೆಯ ಮೌತ್‌ಪೀಸಿಗೆ ಹಾಕಿದರೆ ಫಲ ಹೆಚ್ಚು. ಬಟ್ಟಲಿನ ಆಳವೂ ಅಂಚಿನ ಅಗಲವೂ ತುಟಿಗೆ ಒಪ್ಪಿದಾಗ ಆಗುವ ವ್ಯತ್ಯಾಸವನ್ನು ನುಡಿಸುವವನು ಕೂಡಲೇ ಅರಿಯುತ್ತಾನೆ.

ಸವೆದ ಹಳೆಯ ವೃತ್ತಿವಾದ್ಯಕ್ಕಿಂತ ಬಿಗಿಯಾದ ಹೊಸ ಮಧ್ಯಮ ವಾದ್ಯವೇ ಮೇಲು. ಬಿಗಿಯನ್ನು ಅಂಗಡಿಯಲ್ಲಿಯೇ ಪರೀಕ್ಷಿಸಬಹುದು. ಗುಂಡಿಯನ್ನು ಒತ್ತದೆ ಮೊದಲನೆಯ ಜಾರುನಳಿಗೆಯನ್ನು ಎರಡು ಬೆರಳಗಲ ಹೊರಕ್ಕೆ ಎಳೆದು, ಮನಸ್ಸಿನಲ್ಲಿ ಐದರವರೆಗೆ ಎಣಿಸಿ, ಆಮೇಲೆ ಗುಂಡಿಯನ್ನು ಒತ್ತಬೇಕು. ಒಳಗೆ ವಿರಳವಾಗಿದ್ದ ಜಾಗಕ್ಕೆ ಹೊರಗಿನ ಗಾಳಿ ನುಗ್ಗಿ ‘ಟಪ್’ ಎಂದು ಶಬ್ದವಾದರೆ ಆ ಕವಾಟವೂ ನಳಿಗೆಯೂ ಗಾಳಿಯನ್ನು ಹಿಡಿದಿವೆಯೆಂದು ತಿಳಿಯಬೇಕು. ಶಬ್ದವಿಲ್ಲದಿದ್ದರೆ ಆ ಎಣಿಕೆಯ ಅವಧಿಯಲ್ಲಿ ಗಾಳಿ ಸದ್ದಿಲ್ಲದೆ ಒಳಗೆ ನುಸುಳಿದೆ. ಇದೇ ಪರೀಕ್ಷೆಯನ್ನು ಉಳಿದ ಎರಡು ಕವಾಟಗಳಿಗೂ ಮಾಡಿ, ಅನಂತರ ಬೆಲೆಯ ಮಾತಿಗೆ ಇಳಿಯಬಹುದು.