ಜೈಲೂ ಬೇಡ, ಏಟೂ ಬೇಡ

"ಅವರನ್ನ ಜೈಲಿಗೆ ಹಾಕಿಸೋದು ಬೇಡಮ್ಮ. ಕುಡಿದು ಬಂದು ಹೊಡೀಬಾರದು, ಮಕ್ಕಳ ಫೀಜು ಕಟ್ಟಬೇಕು, ಅಷ್ಟೆ."

ಹೀಗೆನ್ನುವ ಹೆಣ್ಣುಮಕ್ಕಳನ್ನು ನೀವೂ ಕಂಡಿರಬಹುದು. ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವವಳಾಗಲಿ, ಚನ್ನಪಟ್ಟಣದಲ್ಲಿ ಬೊಂಬೆಗೆ ಅರಗಿನ ಬಣ್ಣ ಹಾಕುವವಳಾಗಲಿ, ಕನಕಪುರ, ಮಾಗಡಿ ಕಡೆ ಕೂಲಿಗೆ ಹೋಗುವವಳಾಗಲಿ, ಎಲ್ಲರ ಸಂಕಟವೂ ಒಂದೇ. ಗಂಡ ಜೈಲಿಗೆ ಹೋದರೆ ಮನೆಗೆ ಬರುವ ಕೂಲಿ ನಿಲ್ಲುತ್ತದೆ. ಸುಮ್ಮನಿದ್ದರೆ ಏಟು ನಿಲ್ಲುವುದಿಲ್ಲ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರೆ. ಜಗಳಕ್ಕೆ ಆ ಮಾತು ಸರಿ, ಏಟಿಗಲ್ಲ.

2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆ ಇಂಥವರಿಗೆಂದೇ ಬಂತು. ಮ್ಯಾಜಿಸ್ಟ್ರೇಟರು "ಇನ್ನು ಹೊಡೆಯಕೂಡದು" ಎಂದು ಆದೇಶ ಮಾಡಬಹುದು, ಜೀವನಾಂಶ ಕೊಡಿಸಬಹುದು, ಇಬ್ಬರನ್ನೂ ಆಪ್ತ ಸಲಹೆಗೆ ಕಳಿಸಬಹುದು. ಮನೆ ನಿಮ್ಮ ಹೆಸರಿನಲ್ಲಿ ಇಲ್ಲದಿದ್ದರೂ ಅಲ್ಲಿಂದ ಹೊರದಬ್ಬದಂತೆ ತಡೆಯಬಹುದು. ರಕ್ಷಣಾ ಆದೇಶ ಮೀರಿದರೆ ಆಗ ಒಂದು ವರ್ಷದವರೆಗೆ ಸಜೆ, ಇಲ್ಲವೇ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹೆಂಡತಿಗೆ ಮಾತ್ರವಲ್ಲ, ಮಗನಿಂದ ಪೆಟ್ಟು ತಿನ್ನುವ ತಾಯಿಗೂ ಈ ಕಾಯಿದೆ ಇದೆ.

ಮೊದಲು ಯಾರ ಹತ್ತಿರ ಹೋಗಬೇಕು? ನಮ್ಮಲ್ಲಿ ಅಂಗನವಾಡಿಗಳನ್ನು ನೋಡಿಕೊಳ್ಳುವ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಇದಕ್ಕೆ ರಕ್ಷಣಾಧಿಕಾರಿ. ನಡೆದದ್ದನ್ನು ಬರೆದುಕೊಂಡು ಕೋರ್ಟಿಗೆ ವರದಿ ಕೊಡುವುದು ಅವರ ಕೆಲಸ. ದಾರಿ ಗೊತ್ತಿಲ್ಲದಿದ್ದರೆ ಅಂಗನವಾಡಿ ಟೀಚರನ್ನು ಕೇಳಿ. ವಕೀಲರ ಖರ್ಚಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಕಾಯಿದೆಯಂತೆ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ವಕೀಲರು ಪುಕ್ಕಟೆ. ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಎಲ್ಲಿ ಎಂದು ಕೇಳಿದರೆ ತೋರಿಸುತ್ತಾರೆ. 15100ಕ್ಕೆ ಫೋನು ಮಾಡಿದರೂ ಆದೀತು.

ಮೊದಲ ವಿಚಾರಣೆಯಿಂದ 60 ದಿನದೊಳಗೆ ಮುಗಿಸಲು ಯತ್ನಿಸಬೇಕೆಂದು ಕಾಯಿದೆ ಹೇಳುತ್ತದೆ. ತಡವಾಗುವುದೂ ಉಂಟು. ಅದಕ್ಕೇ ಮೊದಲೇ ಮಧ್ಯಂತರ ಆದೇಶ ಕೇಳಿಬಿಡಿ.

ಜೀವನಾಂಶದಂಥ ತಕರಾರು ಲೋಕ ಅದಾಲತ್ತಿನಲ್ಲಿ ರಾಜಿಯಾಗಬಹುದು. ಆ ರಾಜಿಗೆ ಕೋರ್ಟಿನ ತೀರ್ಪಿನಷ್ಟೇ ಬೆಲೆ, ಮೇಲೆ ಅಪೀಲಿಲ್ಲ. ಆದ್ದರಿಂದ ತಿಂಗಳಿಗೆ ಎಷ್ಟು, ಯಾವ ತಾರೀಖು, ಮಕ್ಕಳು ಯಾರ ಬಳಿ ಎಂಬುದೆಲ್ಲ ಬರೆದಿದೆಯೇ ಎಂದು ಓದಿಸಿಕೊಂಡೇ ಸಹಿ ಹಾಕಿ. ಊರ ಹಿರಿಯರ "ಹೊಂದಿಕೊಂಡು ಹೋಗಮ್ಮ" ಎಂಬ ಬಾಯಿಮಾತನ್ನು ನಾನಂತೂ ರಾಜಿ ಎನ್ನಲಾರೆ.

ಹದಿನೆಂಟು ತುಂಬದ ಮಗ ಕಳವಿನಲ್ಲೋ ಹೊಡೆದಾಟದಲ್ಲೋ ಸಿಕ್ಕಿಬಿದ್ದರೂ ಎದೆಗುಂದಬೇಡಿ. ಅವನ ವಿಚಾರಣೆ ಬಾಲ ನ್ಯಾಯ ಮಂಡಳಿಯಲ್ಲಿ. ಅಲ್ಲಿ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಮಾಜ ಕಾರ್ಯಕರ್ತರು, ಒಬ್ಬರಾದರೂ ಹೆಂಗಸು. ಬುದ್ಧಿ ಹೇಳಿ ತಂದೆತಾಯಿಯೊಡನೆ ಮನೆಗೆ ಕಳಿಸುವ ಅಧಿಕಾರವೂ ಅವರಿಗಿದೆ.

ಹೋಗುವಾಗ ಪಡಿತರ ಚೀಟಿ, ಮದುವೆ ಫೋಟೊ, ಪೆಟ್ಟಿಗೆ ಔಷಧಿ ಮಾಡಿಸಿದ್ದರೆ ಆಸ್ಪತ್ರೆ ಚೀಟಿ ಚೀಲದಲ್ಲಿರಲಿ. ಒಬ್ಬಳೇ ಹೋಗಲು ಅಂಜಿಕೆಯಾದರೆ ಪಕ್ಕದ ಮನೆಯಾಕೆಯನ್ನು ಕರೆದುಕೊಳ್ಳಿ. ರಾತ್ರಿ ಜೀವಕ್ಕೇ ಅಪಾಯ ಬಂದರೆ ಮಾತ್ರ ಬೆಳಗಾಗಲಿ ಎಂದು ಕಾಯಬೇಡಿ. 112 ಅಥವಾ ಮಹಿಳಾ ಸಹಾಯವಾಣಿ 181, ಆಗಲೇ ತಿರುಗಿಸಿ.